ನಾಳೆ ಬಾ

ನಾನು ಹೊಸದಾಗಿ ನೌಕರಿಗೆ ಸೇರಿದ ಕಾಲಕ್ಕೆ, ಅಂದರೆ 1990ರ ದಶಕದಲ್ಲಿ, ಎಷ್ಟೋ ಮನೆಗಳ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ಒಂದು ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟರೆ ಮುಗಿಯಿತು ಎಂಬ ಪುಕಾರು. ಬಾಗಿಲ ಮೇಲಿನ ಬರಹ ಓದಿ ಅದು ಹಿಂದಿರುಗಬೇಕು. ಮರುದಿನ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ನಾಳೆ ಎಂಬುದು ಎಂದಿಗೂ ಬರುವುದಿಲ್ಲವೆಂದು ಮಾತ್ರ ತಿಳಿಯುವುದಿಲ್ಲ ಎಂದು ನಾವು ಟೀಚರುಗಳು ಸ್ಟಾಫ್ ರೂಮಿನಲ್ಲಿ ಕೂತು ನಗುತ್ತಿದ್ದೆವು.

ಈಗ ಆ ಬರಹ ಮನೆಯ ಬಾಗಿಲಿನಿಂದ ಅಳಿಸಿ ಕಚೇರಿಗಳ ಕಿಟಕಿಗೆ ಬಂದು ಕೂತಿದೆ. ದೆವ್ವ ನಿಲ್ಲುತ್ತಿದ್ದ ಜಾಗದಲ್ಲಿ ನಾವು ನಿಂತಿದ್ದೇವೆ. ‘ಸರ್ವರ್ ಇಲ್ಲ, ನಾಳೆ ಬರ್ರಿ.’ ನಾವೂ ಆ ದೆವ್ವದ ಹಾಗೆಯೇ ತಿರುಗಿ ಹೋಗುತ್ತೇವೆ, ಮರುದಿನ ಬಂದು ಅದನ್ನೇ ಓದುತ್ತೇವೆ. ನಗುವುದಕ್ಕೆ ಈಗ ನನಗೆ ಮನಸ್ಸಿಲ್ಲ.

2023ರ ಮಾತು. ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾದಳು. ಅಪ್ಪ ಇಲ್ಲ. ತಾಯಿ ಹಂಪಸಾಗರದ ಸುತ್ತಲಿನ ಹೊಲಗಳಲ್ಲಿ ಈರುಳ್ಳಿ ಕಿತ್ತು, ಮೆಕ್ಕೆಜೋಳ ಮುರಿದು ಕೂಲಿಯ ಮೇಲೆ ಸಂಸಾರ ನೂಕುವ ಹೆಂಗಸು. ಹುಡುಗಿ ಮುಂದೆ ಓದಬೇಕಾದರೆ ಪೇಟೆಯ ಹಾಸ್ಟೆಲಿನಲ್ಲಿ ಸೀಟು ಸಿಗಬೇಕು. ಸೀಟಿಗೆ ಅರ್ಜಿ ಬೇಕು, ಅರ್ಜಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಒಂದು ಕಿಟಕಿಯ ಮುಂದೆ ನಿಲ್ಲಬೇಕು. ಯಾವ ಕಚೇರಿಯ ಕಿಟಕಿ ಎಂದು ನಾನು ಬರೆಯುವುದಿಲ್ಲ. ಬರೆದರೆ ಒಳಗೆ ಕೂತ ಹೆಣ್ಣುಮಗಳನ್ನು ಬೈಯುವುದಕ್ಕೆ ನಿಮಗೊಂದು ದಾರಿಯಾಗುತ್ತದೆ, ತಪ್ಪು ಆಕೆಯದಲ್ಲ.

ತಾಯಿ ಮಗಳು ಮೊದಲನೇ ದಿನ ಹೋದಾಗ ಸರ್ವರ್ ಇರಲಿಲ್ಲ. ಎರಡನೇ ದಿನ ಅದು ಬರುತ್ತ ಹೋಗುತ್ತ ಇತ್ತು. ಇವರ ಪಾಳಿ ಬರುವಷ್ಟರಲ್ಲಿ ಹೋಗಿಯೇಬಿಟ್ಟಿತು. ಮೂರನೇ ದಿನ ತಾಯಿಗೆ ಕೂಲಿ ಬಿಡುವುದು ಆಗಲಿಲ್ಲ. ಹುಡುಗಿ ಒಬ್ಬಳೇ ಹೋಗಿ ಸಂಜೆಯ ತನಕ ಕಟ್ಟೆಯ ಮೇಲೆ ಕೂತು ಬಂದಳು. ಆ ಸಂಜೆ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದಾಗ ನಾನೇ ಸಮಾಧಾನ ಹೇಳಿದೆ: “ಹೋಗ್ಲಿ ಬಿಡವ್ವಾ, ನಾಳೆ ಹೋಗಿ ಬಾ.” ನಾಲ್ಕನೇ ದಿನ ಅರ್ಜಿ ತೆಗೆದುಕೊಂಡರು. ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಹಾಸ್ಟೆಲಿನ ಕೊನೆಯ ದಿನ ದಾಟಿತ್ತು. ಸರ್ವರ್ ಇರಲಿಲ್ಲವೆಂದು ಹೇಳಿದರೆ ಪುರಾವೆ ಕೇಳಿದರು. ಏನು ಪುರಾವೆ? ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಬಸ್ ಟಿಕೆಟ್ಟುಗಳಿದ್ದವು. ಅವುಗಳಲ್ಲಿ ಆಕೆ ಊರಿಗೆ ಬಂದದ್ದು ಕಾಣುತ್ತದೆ, ಕಿಟಕಿಯ ಮುಂದೆ ನಿಂತದ್ದು ಕಾಣುವುದಿಲ್ಲ.

ಓದುವ ಅಕ್ಕತಂಗಿಯರೆ, ‘ಸರ್ವರ್ ಇಲ್ಲ’ ಎಂಬ ಮಾತನ್ನು ನಾವು ಹೇಗೆ ಕೇಳುತ್ತೇವೆಂದು ಎಂದಾದರೂ ಗಮನಿಸಿದ್ದೀರಾ? ‘ಮಳೆ ಇಲ್ಲ’ ಎಂದರೆ ಹೇಗೆ ಕೇಳುತ್ತೇವೆಯೋ ಹಾಗೆ. ಆಕಾಶ ನೋಡಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತೇವೆ. ಹಿಂದೆ ಹಣೆಬರಹ ಎಂಬ ಮಾತೊಂದಿತ್ತು. ಹೆರಿಗೆಯಲ್ಲಿ ಹೆಂಗಸು ಸತ್ತರೆ ಹಣೆಬರಹ, ಹುಡುಗಿಗೆ ಓದು ತಪ್ಪಿದರೆ ಹಣೆಬರಹ. ಅದನ್ನು ಬಿಡಿಸುವುದಕ್ಕೆ ನಮ್ಮಂಥ ಮಾಸ್ತರಣಿಯರು ಮೂವತ್ತು ವರ್ಷ ಗಂಟಲು ಹರಿದುಕೊಂಡೆವು. ಈಗ ಅದೇ ಹಣೆಬರಹ ಹೆಸರು ಬದಲಿಸಿಕೊಂಡು, ಕಂಪ್ಯೂಟರಿನ ವೇಷ ಹಾಕಿಕೊಂಡು ಬಂದಿದೆ. ಇದು ಹಣೆಬರಹವಲ್ಲ, ಮನುಷ್ಯರು ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟದ್ದು ಎಂದು ಹೇಳುವುದಕ್ಕೇ ನಾನು ಈ ಬರಹಕ್ಕೆ ಕೂತಿದ್ದೇನೆ.

ಸರ್ವರ್ ಎಂದರೆ ಏನು ಎಂದು ನನಗೂ ಸರಿಯಾಗಿ ತಿಳಿದಿರಲಿಲ್ಲ. ಹೇಳಿಕೊಟ್ಟವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಅವನ ನೌಕರಿಯೇ ಅದು, ಹಳೆಯದಾದ ಸರ್ವರುಗಳನ್ನು ತೆಗೆದು ಹೊಸದನ್ನು ಕೂಡಿಸುವುದು. ದೀಪಾವಳಿಗೆ ಬಂದಿದ್ದಾಗ ಪಡಸಾಲೆಯಲ್ಲಿ ಕೂತು ಹೇಳಿದ. “ಚಿಗವ್ವಾ, ಅದೇನೂ ಮೋಡದಾಗ ಇರೂದಿಲ್ಲ. ಅದೊಂದು ಪೆಟ್ಟಿಗಿ. ಅದರಾಗ ಸಾಲಾಗಿ ಡಿಸ್ಕು ಜೋಡಿಸಿರ್ತಾರ. ನೀವು ಕೇಳೋ ಕಾಗದ ಎಲ್ಲಾ ಅದರಾಗ ಇರ್ತಾವ. ಪೆಟ್ಟಿಗಿ ಮುದುಕ ಆಗ್ತೈತಿ, ಅಷ್ಟ.”

ಪೆಟ್ಟಿಗೆ ಮುದುಕನಾಗುವುದು ಎಷ್ಟು ವರ್ಷಕ್ಕೆ ಎಂದು ಕೇಳಿದೆ. ಹಗಲೂ ರಾತ್ರಿ ಓಡುವ ಡಿಸ್ಕಿಗೆ ತಯಾರಿಸಿದವರು ಕೊಡುವ ಖಾತರಿಯೇ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆಮೇಲೂ ಓಡುತ್ತದೆ, ಆದರೆ ನಂಬಿಕೆಯ ಮೇಲೆ ಓಡುತ್ತದೆ. ಆದ್ದರಿಂದ ಬುದ್ಧಿವಂತರು ಮುಖ್ಯವಾದ ಕಾಗದವನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಎರಡು ಪೆಟ್ಟಿಗೆ ಜೋಡಿ ಮಾಡುತ್ತಾರೆ. ಒಂದರಲ್ಲಿ ಬರೆದದ್ದು ಆ ಕ್ಷಣಕ್ಕೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಕೆಟ್ಟರೆ ಇನ್ನೊಂದು ಹೊಣೆ ಹೊರುತ್ತದೆ. ಕಿಟಕಿಯ ಮುಂದೆ ನಿಂತವರಿಗೆ ಗೊತ್ತೂ ಆಗುವುದಿಲ್ಲ. ಇಂಥ ಜೋಡಿಗೆ ಕ್ಲಸ್ಟರ್ ಎನ್ನುತ್ತಾರಂತೆ. ಕ್ಲಸ್ಟರ್ ಎಂದರೆ ನನಗೆ ಗೊತ್ತಿದ್ದುದು ಸಿಆರ್‌ಪಿಯವರು ಬಂದು ಹೋಗುವ ಶಾಲೆಗಳ ಗುಂಪು ಮಾತ್ರ. ನಕ್ಕೆವು.

ಆದರೆ ಜೋಡಿ ಇದೆಯೆಂದು ನೆಮ್ಮದಿಯಿಂದ ಕೂರುವುದೇ ದೊಡ್ಡ ಮೋಸ ಎಂದ ಅವನು. ಏಕೆಂದರೆ ಜೋಡಿಯ ಎರಡೂ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ಒಂದೇ ದಿನ, ಒಂದೇ ಟೆಂಡರಿನಲ್ಲಿ ಕೊಂಡಿರುತ್ತಾರೆ. ಒಂದೇ ಜಾತ್ರೆಯಲ್ಲಿ ಕೊಂಡ ಒಂದೇ ವಯಸ್ಸಿನ ಎತ್ತುಗಳು ಒಟ್ಟಿಗೇ ಮುದಿಯಾಗುತ್ತವೆ. 2019ರ ನವೆಂಬರಿನಲ್ಲಿ ಎಚ್‌ಪಿಇ ಎಂಬ ಅಮೆರಿಕದ ಕಂಪನಿ ತನ್ನ ಗಿರಾಕಿಗಳಿಗೆ ಒಂದು ಎಚ್ಚರಿಕೆ ಕೊಟ್ಟಿತು: ತಾನು ಮಾರಿದ ಕೆಲವು ಬಗೆಯ ಡಿಸ್ಕುಗಳು 32,768 ಗಂಟೆ ಓಡಿದ ಕೂಡಲೆ ನಿಂತುಬಿಡುತ್ತವೆ, ಒಳಗಿನದು ಮರಳಿ ಸಿಗುವುದಿಲ್ಲ, ಬೇಗ ಅದರೊಳಗಿನ ತಂತ್ರಾಂಶವನ್ನು ಬದಲಿಸಿಕೊಳ್ಳಿ ಎಂದು. ಲೆಕ್ಕ ಹಾಕಿದರೆ ಮೂರು ವರ್ಷ, 270 ದಿನ, ಎಂಟು ಗಂಟೆ. ಒಂದೇ ದಿನ ಚಾಲೂ ಮಾಡಿದ ಹತ್ತು ಡಿಸ್ಕು ಒಂದೇ ದಿನ ಸಾಯುತ್ತವೆ ಎಂದಾಯಿತು. ಜೋಡಿಯಿದ್ದು ಏನು ಬಂತು?

ಇನ್ನೊಂದು ಮಾತು ಹೇಳಿದ, ಅದು ನನ್ನ ಮನಸ್ಸಿಗೆ ನಾಟಿತು. ಒಂದು ಡಿಸ್ಕು ಸತ್ತಾಗ ಹೊಸದನ್ನು ಹಾಕಿದರೆ ಮುಗಿಯುವುದಿಲ್ಲ. ಉಳಿದ ಹಳೆಯ ಡಿಸ್ಕುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ ಓದಿ ಹೊಸದನ್ನು ತುಂಬಬೇಕು. ಮುದಿ ಡಿಸ್ಕುಗಳಿಗೆ ಅದುವರೆಗೆ ಬೀಳದಷ್ಟು ಕೆಲಸ ಆಗಲೇ ಬೀಳುತ್ತದೆ, ಎರಡನೆಯದು ಸಾಯುವುದು ಆಗಲೇ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಅವರ ಚಾಕರಿ ಮಾಡಿ ಮಾಡಿ ಇನ್ನೊಬ್ಬ ವಯಸ್ಸಾದ ಹೆಂಗಸು ಹಾಸಿಗೆ ಹಿಡಿಯುವುದಿಲ್ಲವೇ, ಹಾಗೆ. ಆದ್ದರಿಂದ ಕೆಟ್ಟ ಮೇಲೆ ಬದಲಿಸುವುದಲ್ಲ, ಕೆಡುವ ಮೊದಲು ಬದಲಿಸಬೇಕು.

ಬದಲಿಸುವುದಕ್ಕೂ ಒಂದು ಕ್ರಮವಿದೆ. ಹಳೆಯ ಜೋಡಿ ಓಡುತ್ತಿರುವಾಗಲೇ ಪಕ್ಕದಲ್ಲಿ ಹೊಸದೊಂದನ್ನು ನಿಲ್ಲಿಸಬೇಕು. ಇದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಬೇಕು. ನಕಲು ಪೂರ್ತಿಯಾಗಿ, ಎರಡೂ ತಾಳೆಯಾದ ಮೇಲೆ ಹಳೆಯದರಲ್ಲಿ ಒಂದನ್ನು ಬಿಡಿಸಬೇಕು. ಆಮೇಲೆ ಎರಡನೆಯದು. ಅವಸರ ಮಾಡಿ ಎರಡನ್ನೂ ಒಮ್ಮೆಗೆ ಕಿತ್ತರೆ ಕೆಟ್ಟಿತು. ಎರಡು ಪೆಟ್ಟಿಗೆಗಳ ನಡುವಿನ ತಂತಿ ಕಡಿದು ಒಂದಕ್ಕೊಂದು ಕಾಣದಾದರೆ ‘ಅವಳು ಸತ್ತಳು, ಇನ್ನು ಮನೆಗೆ ನಾನೇ ಯಜಮಾನಿ’ ಎಂದು ಎರಡೂ ಬೇರೆ ಬೇರೆ ಲೆಕ್ಕ ಬರೆಯತೊಡಗುತ್ತವೆ. ಅದನ್ನು ತಡೆಯುವುದಕ್ಕೆ ಮೂರನೆಯದೊಂದನ್ನು ಸಾಕ್ಷಿಗೆ ಇಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇದು: ಆಗಾಗ ಬೇಕೆಂದೇ ಒಂದನ್ನು ನಿಲ್ಲಿಸಿ, ಇನ್ನೊಂದು ನಿಜವಾಗಿ ಹೊಣೆ ಹೊರುತ್ತದೆಯೋ ಇಲ್ಲವೋ ನೋಡಬೇಕು. ನೋಡದೆ ಇಟ್ಟ ಎರಡನೆಯ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಭದ್ರವಾಗಿ ಮಡಿಸಿಟ್ಟ ಮದುವೆ ಸೀರೆಯಂತೆ. ಬಿಚ್ಚಿದ ದಿನವೇ ಮಡಿಕೆಯಲ್ಲಿ ಹರಿದಿರುವುದು ಗೊತ್ತಾಗುತ್ತದೆ.

ಅವನು ಹೇಳುತ್ತಿದ್ದಂತೆ ನನಗೆ ಇದೆಲ್ಲ ಎಲ್ಲಿಯೋ ಕೇಳಿದಂತಿದೆಯಲ್ಲ ಅನ್ನಿಸಿತು. ಕೇಳಿದ್ದಲ್ಲ, ನಾನೇ ಮಾಡಿದ್ದು. ನಾನು ಸೇರಿದ ಮೊದಲ ಶಾಲೆಯಲ್ಲಿ ದಾಖಲಾತಿ ಪುಸ್ತಕದ ಹಾಳೆಗಳು ಹಣ್ಣೆಲೆಯ ಹಾಗೆ ಮುಟ್ಟಿದರೆ ಮುರಿಯುತ್ತಿದ್ದವು. ಮುಖ್ಯೋಪಾಧ್ಯಾಯರು ಹಳೆಯ ಕಾಲದವರು. ‘ಹರಿದ ಮೇಲೆ ಬರೆಯೋದಲ್ಲವ್ವ, ಹರಿಯೋದಕ್ಕೆ ಮುಂಚೆ ಬರೀಬೇಕು’ ಎಂದು ಬೇಸಿಗೆ ರಜೆಯಲ್ಲಿ ನಮ್ಮನ್ನು ಕೂಡಿಸಿದರು. ಒಬ್ಬರು ಓದುವುದು, ಒಬ್ಬರು ಬರೆಯುವುದು. ಸಂಜೆ ಪಾಳಿ ಬದಲು. ಬರೆದವರು ಹೊಸದರಿಂದ ಓದಬೇಕು, ಓದಿದವರು ಹಳೆಯದರಲ್ಲಿ ಬೆರಳಿಟ್ಟು ತಾಳೆ ನೋಡಬೇಕು. ಮೂರನೆಯವರಾಗಿ ಅವರೇ ಪ್ರತಿ ಪುಟಕ್ಕೆ ಸಹಿ ಹಾಕಿದರು. ಹೊಸ ಪುಸ್ತಕ ಸಿದ್ಧವಾದ ಮೇಲೂ ಹಳೆಯದನ್ನು ಎಸೆಯಲಿಲ್ಲ. ಬಟ್ಟೆ ಸುತ್ತಿ ಬೇರೆ ಬೀರುವಿನಲ್ಲಿ ಇಟ್ಟರು. ಅಷ್ಟೂ ದಿನ ಟಿ.ಸಿ. ಕೇಳಿ ಬಂದವರನ್ನು ಒಬ್ಬರನ್ನೂ ‘ನಾಳೆ ಬಾ’ ಎಂದು ಕಳುಹಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಅಜ್ಜಿ ಪಿಂಚಣಿಗೆ ವಯಸ್ಸಿನ ದಾಖಲೆ ಹುಡುಕಿಕೊಂಡು ಬಂದಾಗ, ಎರಡನೇ ಇಯತ್ತೆಗೆ ಬಿಟ್ಟ ಆಕೆಯ ಹೆಸರು ನನ್ನದೇ ಅಕ್ಷರದಲ್ಲಿತ್ತು. ಯಾವ ಇಂಜಿನಿಯರೂ ಹೇಳಿಕೊಡದೆ ನಮ್ಮ ಹೆಡ್‌ಮಾಸ್ತರರಿಗೆ ಇದೆಲ್ಲ ಗೊತ್ತಿತ್ತು. ದಾಖಲೆ ಕಾಗದದ್ದಲ್ಲ, ಮನುಷ್ಯರದ್ದು ಎಂಬುದು ಅವರಿಗೆ ಗೊತ್ತಿದ್ದುದರಿಂದ.

ಈ ಪಾಠವನ್ನು ನಮ್ಮ ಸೀಮೆಗೆ ಯಾರೂ ಬೇರೆಯಾಗಿ ಕಲಿಸಬೇಕಾದ್ದಿಲ್ಲ. ನಮ್ಮದು ತುಂಗಭದ್ರೆಯ ಹಿನ್ನೀರಿನ ಸೀಮೆ. 1953ರಲ್ಲಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿ, ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಊರು ಬಿಟ್ಟುಕೊಟ್ಟು ಕಟ್ಟಿಸಿಕೊಂಡ ಅಣೆಕಟ್ಟೆ ಅದು. ಅದಕ್ಕೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ತುಳುಕುತ್ತಿದ್ದಾಗ, 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಗೆ ಆಗ 71 ವರ್ಷ. ಆ ಒಂದು ಗೇಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರು ಬೇಸಿಗೆಗೆಂದು ಎಣಿಸಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಡೆದ ಬಾಯಿಗೆ ಅಡ್ಡ ಇಳಿಬಿಡುವ ತಾತ್ಕಾಲಿಕ ಗೇಟು ಅಣೆಕಟ್ಟೆಯಲ್ಲಿ ಸಿದ್ಧವಿರಲಿಲ್ಲ. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ಅಳತೆ ಹಾಕಿ, ಮಾಡಿಸಿ, ಹರಿಯುವ ನೀರಿನಲ್ಲೇ ಇಳಿಸಿದರು. ಒಂದು ವಾರದಲ್ಲಿ ಮಾಡಿದ ಆ ಸಾಹಸಕ್ಕೆ ನಾನೂ ಕೈಮುಗಿಯುತ್ತೇನೆ. ಕೂಲಿಕಾರರು, ಕ್ರೇನಿನವರು ಜೀವದ ಹಂಗು ತೊರೆದು ನಿಂತರು.

ಆದರೆ ಸಾಹಸಕ್ಕೆ ಕೈಮುಗಿಯುವ ಭರದಲ್ಲಿ ಒಂದು ಪ್ರಶ್ನೆ ಮರೆತುಹೋಗುತ್ತದೆ. ಸಾಹಸ ಮಾಡಬೇಕಾದ ಪರಿಸ್ಥಿತಿ ಏಕೆ ಬಂತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಹಿರಿಯರದೇ. ಆಮೇಲೆ ಪರೀಕ್ಷಿಸಿದಾಗ ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದು ಗೊತ್ತಾಯಿತು. 2025ರ ಮಳೆಗಾಲದಲ್ಲಿ 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ಸುಮಾರು 80 ಟಿಎಂಸಿಗೆ ನಿಲ್ಲಿಸಿದರು. ಗೇಟು ಬದಲಿಸುವ ಕೆಲಸಕ್ಕಾಗಿ ಆ ಸಾಲಿನ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಗಂಗಾವತಿ, ಸಿರುಗುಪ್ಪದ ಕಡೆ ಭತ್ತ ನಾಟುವ ಹೆಂಗಸರಿಗೆ ಒಂದು ಹಂಗಾಮಿನ ಕೂಲಿ ಹೋಯಿತು. ಅಣೆಕಟ್ಟೆಗೆ ಪಕ್ಕದಲ್ಲಿ ಇನ್ನೊಂದು ಅಣೆಕಟ್ಟೆ ನಿಲ್ಲಿಸಿ ನೀರು ನಕಲು ಮಾಡುವಂತಿಲ್ಲ. ಗೇಟು ಬಿಚ್ಚಬೇಕಾದರೆ ನೀರು ಇಳಿಯಲೇಬೇಕು. ಸರ್ವರಿಗೆ ಆ ಕಷ್ಟವಿಲ್ಲ. ಒಂದು ಹನಿಯೂ ಚೆಲ್ಲದೆ, ಕಾಲುವೆ ಹರಿಯುತ್ತಿರುವಾಗಲೇ ಬದಲಿಸಬಹುದು. ಅದಕ್ಕೆಂದೇ ಜೋಡಿ ಮಾಡಿದ್ದು. ಅಷ್ಟು ಸುಲಭದ ಅನುಕೂಲ ಇದ್ದೂ ಬದಲಿಸದೆ ಕೂರುವವರಿಗೆ ಏನೆನ್ನಬೇಕು?

ಇದು ನಮ್ಮ ದೇಶದ ಬಡತನದ ಮಾತಲ್ಲ. ದಕ್ಷಿಣ ಕೊರಿಯಾ ಕಂಪ್ಯೂಟರಿನಲ್ಲಿ ನಮಗಿಂತ ಬಹಳ ಮುಂದಿರುವ ದೇಶ. ಅಲ್ಲಿನ ಡೇಜಾನ್ ಎಂಬ ಊರಿನಲ್ಲಿ ಸರ್ಕಾರದ ದತ್ತಾಂಶ ಕೇಂದ್ರವಿದೆ. 2025ರ ಸೆಪ್ಟೆಂಬರ್ 26ರಂದು, ಸರ್ವರ್ ಕೋಣೆಯಲ್ಲಿದ್ದ, ಹತ್ತು ವರ್ಷದ ಆಯುಷ್ಯ ದಾಟಿದ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಿದ್ದಾಗ ಬೆಂಕಿ ಬಿತ್ತು. ಸರ್ಕಾರದ ಆರುನೂರಕ್ಕೂ ಹೆಚ್ಚು ಸೇವೆಗಳು ನಿಂತವು. ಬಹುತೇಕ ಸೇವೆಗಳು ಮುಂದೆ ಒಂದೊಂದಾಗಿ ಮರಳಿದವು. ಆದರೆ ಅಧಿಕಾರಿಗಳು ತಮ್ಮ ಕಡತಗಳನ್ನು ಇಡುತ್ತಿದ್ದ ಒಂದು ದೊಡ್ಡ ಸಂಗ್ರಹಕ್ಕೆ ಬೇರೆ ಊರಿನಲ್ಲಿ ಪ್ರತಿ ಇರಲಿಲ್ಲ. 858 ಟೆರಾಬೈಟು ಸುಟ್ಟುಹೋಯಿತು. ನಿಮ್ಮ ಕೈಯಲ್ಲಿರುವುದು 128 ಜಿಬಿಯ ಫೋನಾದರೆ, ಅಂಥ ಸುಮಾರು 6,700 ಫೋನುಗಳಲ್ಲಿ ಹಿಡಿಯುವಷ್ಟು. ಬಹಳ ದೊಡ್ಡದು, ಆದ್ದರಿಂದ ಪ್ರತಿ ಇಡಲಾಗಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಮನೆ ದೊಡ್ಡದು, ಆದ್ದರಿಂದ ಬೀಗ ಹಾಕಲಿಲ್ಲ ಎಂದ ಹಾಗಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಕೋಣೆಯ ಜೋಡಿ ಪೆಟ್ಟಿಗೆ ಬೇರೆ, ದೂರದ ಊರಿನಲ್ಲಿಟ್ಟ ಪ್ರತಿ ಬೇರೆ. ಜೋಡಿಯಲ್ಲಿ ಒಂದರಲ್ಲಿ ತಪ್ಪಿ ಅಳಿಸಿದರೆ ಇನ್ನೊಂದರಲ್ಲೂ ಆ ಕ್ಷಣಕ್ಕೇ ಅಳಿಯುತ್ತದೆ. ಕನ್ನಡಿಯ ಮುಂದೆ ಕುಂಕುಮ ಅಳಿಸಿಕೊಂಡರೆ ಕನ್ನಡಿಯೊಳಗಿನವಳದು ಉಳಿಯುವುದಿಲ್ಲ. ಕನ್ನಡಿಯೂ ಬೇಕು, ಪೆಟ್ಟಿಗೆಯಲ್ಲಿಟ್ಟ ಫೋಟೋವೂ ಬೇಕು.

ಈಗ ನನ್ನ ಮೇಲೆ ಬರುವ ಮಾತುಗಳನ್ನು ನಾನೇ ಹೇಳಿಬಿಡುತ್ತೇನೆ. ‘ಕಾಗದವೇ ಚೆನ್ನಾಗಿತ್ತು, ಕಂಪ್ಯೂಟರ್ ಬಂದು ಹಾಳಾಯಿತು’ ಎನ್ನುವವರುಂಟು. ನಾನು ಆ ಪಂಗಡದವಳಲ್ಲ. ಕಾಗದದ ಕಾಲ ನನಗೆ ಚೆನ್ನಾಗಿ ನೆನಪಿದೆ. ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಊರೂರು ತಿರುಗಿ, ಕೈಬೆಚ್ಚಗೆ ಮಾಡಿ, ಅವರು ಬರೆದುಕೊಟ್ಟದ್ದೇ ವೇದವೆಂದು ಮಡಿಸಿಕೊಂಡು ಬರಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುವಂತಾಯಿತು. ಗಂಡ ಸತ್ತ ಮೇಲೆ ಭಾವಮೈದುನರ ಬಾಯಿ ನೋಡುತ್ತ ಕೂರುವ ಹೆಂಗಸು ತಾನೇ ಹೋಗಿ ತನ್ನ ಹೆಸರು ಇದೆಯೋ ಇಲ್ಲವೋ ನೋಡಬಹುದಾಯಿತು. ಅದು ಸಣ್ಣ ಮಾತಲ್ಲ. ಅದಕ್ಕಾಗಿಯೇ ನನಗೆ ಸಿಟ್ಟು. ಕಾಗದವನ್ನೆಲ್ಲ ತೆಗೆದು ಪೆಟ್ಟಿಗೆಗೆ ಹಾಕಿದಿರಿ, ಕೈಬರಹದ್ದು ನಡೆಯುವುದಿಲ್ಲವೆಂದಿರಿ. ಒಳ್ಳೆಯದು. ಹಾಗಾದರೆ ಆ ಪೆಟ್ಟಿಗೆಯನ್ನು ಕಾಯುವ ಹೊಣೆ ನಿಮ್ಮದಲ್ಲವೇ? ಹಳೆಯ ದಾರಿ ಮುಚ್ಚಿದವರು ಹೊಸ ದಾರಿಯ ಸೇತುವೆ ಶಿಥಿಲವಾಗದಂತೆ ನೋಡಿಕೊಳ್ಳಬೇಕಾಗುತ್ತದೆ.

‘ಎಲ್ಲ ಸಲವೂ ಪೆಟ್ಟಿಗೆ ಹಳೆಯದಾಗಿಯೇ ನಿಲ್ಲುವುದಿಲ್ಲ’ ಎನ್ನುವವರುಂಟು. ಸರಿ. ತಂತಿ ಕಡಿಯಬಹುದು, ಕರೆಂಟು ಹೋಗಬಹುದು, ಒಮ್ಮೆಗೇ ಜನ ಮುಗಿಬೀಳಬಹುದು. ಬೇಕೆಂದೇ ಕೆಡಿಸುವವರೂ ಇದ್ದಾರೆ. ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆಯ ಮೇಲೆ 2024ರ ಡಿಸೆಂಬರಿನಲ್ಲಿ, 2025ರ ಜನವರಿಯಲ್ಲಿ ಸುಳ್ಳು ಖಾತೆಗಳಿಂದ ಬೇಡಿಕೆಗಳ ಪ್ರವಾಹ ಹರಿಸಿ ನಿಲ್ಲಿಸಿದರು, ಪೊಲೀಸರಿಗೆ ದೂರು ಹೋಯಿತು. ಆದರೆ ನಾನು ಕೇಳುವುದೂ ಅದನ್ನೇ. ಇವುಗಳಲ್ಲಿ ಯಾವುದರಿಂದ ನಿಂತಿತು ಎಂದು ಕಿಟಕಿಯಲ್ಲಿ ಏಕೆ ಹೇಳುವುದಿಲ್ಲ? ಜ್ವರ ಎಂಬುದು ರೋಗದ ಹೆಸರಲ್ಲ, ಲಕ್ಷಣ. ಪ್ರತಿ ಸಲವೂ ಜ್ವರ ಎಂದು ಹೇಳಿ ಕಳುಹಿಸುವ ವೈದ್ಯರ ಬಳಿ ನೀವು ಮಕ್ಕಳನ್ನು ಕರೆದೊಯ್ಯುತ್ತೀರಾ? ‘ಸರ್ವರ್ ಇಲ್ಲ’ ಎಂಬ ಒಂದೇ ಕಂಬಳಿಯೊಳಗೆ ಹತ್ತು ತಪ್ಪುಗಳು ಮಲಗಿವೆ. ಅವುಗಳಲ್ಲಿ ಹೊರಗಿನವರು ಮಾಡಿದ್ದು ಯಾವುದು, ಒಳಗಿನವರು ಮಾಡದೆ ಬಿಟ್ಟದ್ದು ಯಾವುದು ಎಂದು ತಿಳಿಯಬಾರದೆಂದೇ ಕಂಬಳಿ ಹೊದಿಸಿರುವುದು.

‘ಖರ್ಚು ಎಲ್ಲಿಂದ ತರುವುದು?’ ಎನ್ನುವವರು ಮೂರನೆಯವರು. ಇದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಖರ್ಚು ಉಳಿಯುವುದಿಲ್ಲ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತದೆ. ಪೆಟ್ಟಿಗೆ ಬದಲಿಸದೆ ಉಳಿಸಿದ ದುಡ್ಡನ್ನು, ಕೂಲಿ ಬಿಟ್ಟು ಕಟ್ಟೆಯ ಮೇಲೆ ಕೂತ ಹೆಂಗಸು ದಿನಗೂಲಿಯ ರೂಪದಲ್ಲಿ ಕಟ್ಟುತ್ತಾಳೆ. ಅಲ್ಲಿ ಕೂತವರನ್ನು ಒಮ್ಮೆ ಎಣಿಸಿ ನೋಡಿ. ರೇಷನ್ನಿಗೆ ಬೆರಳೊತ್ತಲು ನಿಂತವರು, ವಿಧವಾ ಪಿಂಚಣಿಯವರು, ಮಗುವಿನ ಆಧಾರ್ ತಿದ್ದಿಸಲು ಬಂದವರು, ಬಹುಪಾಲು ಹೆಂಗಸರೇ. ನಮ್ಮ ಸಮಯಕ್ಕೆ ಬೆಲೆಯಿಲ್ಲವೆಂದು ಯಾರೋ ಮೊದಲೇ ತೀರ್ಮಾನಿಸಿದ್ದಾರೆ. ಹೊಸ ಯೋಜನೆಯ ಉದ್ಘಾಟನೆಗೆ ರಿಬ್ಬನ್ನು ಇದೆ, ಹಾರ ಇದೆ, ಪತ್ರಿಕೆಯಲ್ಲಿ ಫೋಟೋ ಇದೆ. ಐದು ವರ್ಷ ಓಡಿದ ಪೆಟ್ಟಿಗೆಯನ್ನು ಸದ್ದಿಲ್ಲದೆ ಬದಲಿಸಿದವನಿಗೆ ಏನಿದೆ? ಅವನು ಕೆಲಸ ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅವನ ಕೆಲಸದ ಫಲ. ಮನೆಗೆಲಸವೂ ಹಾಗೆಯೇ ಅಲ್ಲವೇ? ದಿನಾ ಪಾತ್ರೆ ತೊಳೆದಿರುವುದು ಯಾರಿಗೂ ಕಾಣುವುದಿಲ್ಲ, ಒಂದು ದಿನ ತೊಳೆಯದಿದ್ದರೆ ಮನೆಗೆಲ್ಲ ಕಾಣುತ್ತದೆ. ಈ ಬಗೆಯ ಕೆಲಸದ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಇದನ್ನು ಕೇಳುವ ಹಕ್ಕೂ ನಮ್ಮದೇ.

ಕಾನೂನು ಇಲ್ಲವೇ ಎಂದರೆ, ಇದೆ. 2011ರ ಕಾಯ್ದೆಯಂತೆ 2012ರ ಏಪ್ರಿಲಿನಿಂದ ರಾಜ್ಯದಾದ್ಯಂತ ‘ಸಕಾಲ’ ಬಂತು. ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೆಯ ಕಾಯ್ದೆ. ಆದರೆ ದಿನ ಎಣಿಸುವುದು ಅರ್ಜಿ ಸ್ವೀಕರಿಸಿ ನಂಬರು ಕೊಟ್ಟ ಮೇಲೆ. ನಂಬರು ಕೊಡುವುದು ಕಂಪ್ಯೂಟರು. ಕಂಪ್ಯೂಟರೇ ನಿಂತಿರುವಾಗ ನಂಬರಿಲ್ಲ, ನಂಬರಿಲ್ಲದಿದ್ದರೆ ಅರ್ಜಿಯಿಲ್ಲ, ಅರ್ಜಿಯಿಲ್ಲದಿದ್ದರೆ ತಡವೂ ಇಲ್ಲ. ನನ್ನ ಹುಡುಗಿ ಮೂರು ದಿನ ಕಿಟಕಿಯ ಮುಂದೆ ನಿಂತದ್ದು ಕಾನೂನಿನ ಲೆಕ್ಕದಲ್ಲಿ ನಡೆದೇ ಇಲ್ಲ.

ಹಾಗಾಗಿ ನಾನು ಕೇಳುವುದು ಮೂರೇ ಸಂಗತಿ. ಮೊದಲನೆಯದು, ಜನರ ದಾಖಲೆ ಇಟ್ಟುಕೊಂಡ ಪ್ರತಿ ಇಲಾಖೆಯೂ ತನ್ನ ಸರ್ವರುಗಳ ವಯಸ್ಸನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ: ಯಾವಾಗ ಕೊಂಡದ್ದು, ಯಾವಾಗ ಬದಲಿಸುವುದು, ಎರಡನೆಯ ಪೆಟ್ಟಿಗೆಯನ್ನು ಕೊನೆಯದಾಗಿ ಎಂದು ಪರೀಕ್ಷಿಸಿದ್ದು, ದೂರದ ಊರಿನ ಪ್ರತಿಯಿಂದ ಒಂದು ದಾಖಲೆಯನ್ನಾದರೂ ತೆಗೆದು ನೋಡಿದ್ದು ಎಂದು. ಬಸ್ಸಿಗೆ ಎಫ್‌ಸಿ ಇದೆ, ಗ್ಯಾಸ್ ಸಿಲಿಂಡರಿನ ಕೊರಳಲ್ಲಿ ಮುಂದಿನ ಪರೀಕ್ಷೆಯ ವರ್ಷ ಬರೆದಿದೆ. ಇದಕ್ಕೇಕೆ ಇಲ್ಲ? ಎರಡನೆಯದು, ಸರ್ವರ್ ನಿಂತ ದಿನ ಬಂದವರಿಗೆಲ್ಲ ಒಂದು ಚೀಟಿ ಕೊಡಲಿ. ಹೆಸರು, ದಿನಾಂಕ, ಗಂಟೆ, ಒಂದು ಮೊಹರು. ಅದಕ್ಕೆ ಸರ್ವರ್ ಬೇಕಿಲ್ಲ, ಪೆನ್ನು ಸಾಕು. ಮೂರನೆಯದು, ಆ ಚೀಟಿ ತೋರಿಸಿದವರಿಗೆ ಯಾವ ಕೊನೆಯ ದಿನವೂ ಕೊನೆಯ ದಿನವಾಗದಿರಲಿ. ಸರ್ವರ್ ನಿಂತಷ್ಟು ದಿನ ಗಡುವು ತಾನಾಗಿ ಮುಂದೆ ಹೋಗಲಿ. ಶಾಲೆಯ ಗಂಟೆ ಕೆಟ್ಟ ದಿನ ನಾವು ಮಕ್ಕಳಿಗೆ ಗೈರುಹಾಜರಿ ಹಾಕುತ್ತೇವೆಯೇ?

ಚೀಟಿ ಕೊಡುವವರೆಗೆ ನಾವೇ ಕೇಳಬೇಕು. ಬಿಳಿಹಾಳೆಯ ಮೇಲೆ ಅರ್ಜಿ ಬರೆದು ‘ಇಂದು ಬಂದಿದ್ದೆ, ಸರ್ವರ್ ಇರಲಿಲ್ಲವೆಂದು ಹೇಳಿದರು’ ಎಂದು ಸೇರಿಸಿ, ಟಪಾಲಿಗೆ ಕೊಟ್ಟು, ಪ್ರತಿಗೆ ಸ್ವೀಕೃತಿ ಮೊಹರು ಕೇಳಿ. ಬರೆಯಲು ಬಾರದವರಿಗೆ ಪಕ್ಕದಲ್ಲಿ ನಿಂತ ನೀವು ಬರೆದುಕೊಡಿ. ನಾಲ್ಕು ಜನ ಹೆಂಗಸರು ಒಟ್ಟಿಗೆ ಕೇಳಿದರೆ ಮೊಹರಿನ ಶಾಯಿ ತಾನಾಗಿ ಸಿಗುತ್ತದೆ. ಇದನ್ನು ನಾನು 2023ರಲ್ಲೇ ಆ ಹುಡುಗಿಗೆ ಹೇಳಿಕೊಡಬೇಕಿತ್ತು. ಬಿ.ಎ., ಬಿ.ಎಡ್. ಓದಿ, ಅಷ್ಟು ವರ್ಷ ಪಾಠ ಹೇಳಿದ ನನ್ನ ಬಾಯಲ್ಲಿ ಬಂದದ್ದು ‘ನಾಳೆ ಹೋಗಿ ಬಾ’ ಎಂಬ ಮಾತು.

ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಗೆ ನಮ್ಮ ಕಡೆ ಪುಸ್ತಕ ಹುಡುಕಿಕೊಂಡು ಬರುವುದಿಲ್ಲ, ವರ ಬರುತ್ತಾನೆ. ಹದಿನೆಂಟು ತುಂಬಿದ್ದೇ ತಡ, ಕಳೆದ ವರ್ಷ ಅವಳ ಮದುವೆಯಾಯಿತು. ನಾನು ಹೋಗಿದ್ದೆ. ಒಳ್ಳೆಯ ಮನೆಯೇ, ದೂರುವಂಥದ್ದೇನಿಲ್ಲ. ಅಕ್ಕಿಕಾಳು ಹಾಕಿ ಇಳಿಯುವಾಗ ತಾಯಿ ನನ್ನ ಕೈ ಹಿಡಿದುಕೊಂಡು, “ಅವತ್ತೊಂದಿನ ಸರ್ವರ್ ಇದ್ದಿದ್ರ ಇಷ್ಟೊತ್ತಿಗೆ ಕಾಲೇಜಿನಾಗ ಇರ್ತಿದ್ಳು ನೋಡ್ರಿ ಟೀಚರ್. ಏನ್ ಮಾಡೂದು, ಆಕಿ ಹಣೇಬರ” ಎಂದಳು.

ಅಲ್ಲವ್ವಾ, ಹಣೆಬರಹವಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ವಾಲಗದವರು ಜೋರು ಮಾಡಿದರು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ.